ಗುರುವಾರ ಕರೆಂಟ್ ಇರಲ್ಲ: ನಾವು ಇನ್ವರ್ಟರ್ ಕೊಂಡ ಕಥೆ

ಪುಣೆಯವರು ಕರೆಂಟ್ ಹೋಯ್ತು ಅನ್ನಲ್ಲ, 'ಲೈಟ್ ಗೇಲಿ' ಅಂತಾರೆ. ಮಟಮಟ ಮಧ್ಯಾಹ್ನ ಫ್ಯಾನ್ ನಿಂತು ಬೆವರು ಸುರೀತಾ ಇದ್ದರೂ ಹೋಗಿದ್ದು ಲೈಟೇ. ಹನ್ನೊಂದು ವರ್ಷದಲ್ಲಿ ನನ್ನ ಬಾಯಿಗೂ ಅದೇ ಬಂದುಬಿಟ್ಟಿದೆ. ವಿಜಯಪುರದಲ್ಲಿ ಅವ್ವ ಫೋನ್ ಹಿಡ್ಕೊಂಡು ನಗ್ತಾಳೆ.

ನಮ್ಮ ಮನೆ ಧಾಯರಿಯಲ್ಲಿ, ಮೂರನೇ ಮಹಡಿ, ಲಿಫ್ಟ್ ಇಲ್ಲದ ಹಳೇ ಬಿಲ್ಡಿಂಗ್. ಪುಣೆಯಲ್ಲಿ ಗುರುವಾರ ಅಂದರೆ ರಿಪೇರಿ ವಾರ. ಲೈನ್ ಕೆಲಸ, ನೀರಿನ ಪೈಪ್ ಕೆಲಸ, ಬಹಳಷ್ಟು ಆವತ್ತೇ ಇಟ್ಟುಕೊಳ್ಳುತ್ತಾರೆ. ಭೋಸರಿ, ಚಿಂಚವಡ ಕಡೆಯ ಎಷ್ಟೋ ಕಾರ್ಖಾನೆಗಳಿಗೆ ವಾರದ ರಜೆಯೂ ಗುರುವಾರವೇ. ನಮ್ಮ ಮನೆಯವರ ಕಂಪನಿಯೂ ಭೋಸರಿಯಲ್ಲೇ ಇರೋದು. ಹಾಗಾಗಿ ಅವರು ಮನೆಯಲ್ಲಿದ್ದ ದಿನ ಕರೆಂಟ್ ಇರಲ್ಲ, ನೀರೂ ಇರಲ್ಲ, ನಾನು ಮಾತ್ರ ಕೆಲಸ ಮಾಡ್ತಾ ಇರ್ತೀನಿ. ಹುಬ್ಬಳ್ಳಿಯ ಒಬ್ಬ ಆಡಿಟರ್‌ಗೆ ಮನೆಯಿಂದಲೇ ಲೆಕ್ಕ ಬರೆದುಕೊಡುತ್ತೇನೆ. ಜಿಎಸ್‌ಟಿ ರಿಟರ್ನ್ ಹಾಕೋದು ಅದರಲ್ಲಿ ದೊಡ್ಡ ಪಾಲು.

ಎಷ್ಟೋ ವರ್ಷ ಹೇಗೋ ನಡೆಯಿತು. 2025ರ ಮಾರ್ಚ್ 20ರಂದು ನಡೆಯಲಿಲ್ಲ. ತಿಂಗಳ 20ನೇ ತಾರೀಖು ಅಂದರೆ ಜಿಎಸ್‌ಟಿಯ 3ಬಿ ಅನ್ನೋ ತಿಂಗಳ ರಿಟರ್ನ್‌ಗೆ ಕೊನೇ ದಿನ, ಆ ಸಲ ಅದು ಗುರುವಾರಕ್ಕೇ ಬಂದಿತ್ತು. ಹತ್ತು ಗಂಟೆಗೆ ಕರೆಂಟ್ ಹೋಯಿತು, ಒಂದು ಗಂಟೆಗೆ ಲ್ಯಾಪ್‌ಟಾಪ್ ಕಣ್ಣು ಮುಚ್ಚಿತು, ಇನ್ನೂ ನಾಲ್ಕು ಪಾರ್ಟಿಗಳ ರಿಟರ್ನ್ ಬಾಕಿ. ಚಾರ್ಜರ್ ಹಿಡ್ಕೊಂಡು ಹತ್ತಿರದ ಉಡುಪಿ ಹೋಟೆಲ್‌ಗೆ ಓಡಿದೆ. ಮೂಲೆಯ ಟೇಬಲ್, ಪಕ್ಕದಲ್ಲಿ ಪ್ಲಗ್ಗು, ಮುಂದೆ ಕಾಫಿ. ಗಲ್ಲಾದಲ್ಲಿದ್ದ ಶೆಟ್ರು ಪಾಪ ಏನೂ ಅನ್ನಲಿಲ್ಲ, ಆದರೆ ಮೂರನೇ ಕಾಫಿ ಹೊತ್ತಿಗೆ ನನಗೇ ನಾಚಿಕೆ ಆಯ್ತು. ಆವತ್ತು ರಾತ್ರಿ ಹೇಳಿದೆ, "ಏನ್ರಿ, ಇನ್ವರ್ಟರ್ ತಗೊಳ್ಳೋಣು. ಇನ್ನ ಮುಂದಿನ ತಿಂಗಳ ಅಂತ ಅನಬ್ಯಾಡ್ರಿ."

ಮೊದಲ ಗುರುವಾರವೇ ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಗೆ ಹೋದೆವು. ಕರೆಂಟ್ ಸಾಮಾನಿಗೆ ಪುಣೆಯವರು ಮೊದಲು ಹೆಸರು ಹೇಳೋದು ಅದನ್ನೇ. ಅಲ್ಲಿ ಒಂದು ಅಂಗಡಿಯವನು ನಮಗೆ ಕೇಳಿದ್ದು ಒಂದೇ ಪ್ರಶ್ನೆ, "ಟೂ ಬಿಎಚ್‌ಕೆನಾ?" ಹೌದು ಅಂದ ತಕ್ಷಣ ದೊಡ್ಡ ಇನ್ವರ್ಟರು, ಎರಡು ಬ್ಯಾಟರಿ, ಎಲ್ಲಾ ಸೇರಿ 41 ಸಾವಿರ ಅಂತ ಚೀಟಿ ಬರೆದು ಕೈಗೆ ಕೊಟ್ಟ. ನಮ್ಮ ಮನೆಯಲ್ಲಿ ಎಷ್ಟು ಫ್ಯಾನು, ಎಷ್ಟು ಹೊತ್ತು ಕರೆಂಟ್ ಹೋಗುತ್ತೆ, ಏನೂ ಕೇಳಲಿಲ್ಲ. ಕೋಣೆ ಎಣಿಸಿ ಇನ್ವರ್ಟರ್ ಮಾರೋದು, ಕಾಲು ನೋಡದೆ ಚಪ್ಪಲಿ ಮಾರಿದ ಹಾಗೆ. ಚೀಟಿ ಪರ್ಸಿನಲ್ಲಿಟ್ಟುಕೊಂಡು ವಾಪಸ್ ಬಂದೆವು.

ನಾನು ಲೆಕ್ಕದವಳು. ಲೆಕ್ಕ ನಾನೇ ಹಾಕ್ತೀನಿ ಅಂದೆ.

ಫ್ಯಾನ್ ಎಷ್ಟು ವ್ಯಾಟ್ ಅಂತ ನೋಡೋಣ ಅಂದರೆ ನಮ್ಮ ಹಳೇ ಫ್ಯಾನಿನ ಮೇಲಿನ ಚೀಟಿ ಯಾವತ್ತೋ ಅಳಿಸಿಹೋಗಿದೆ. ಆಗ ನಮ್ಮ ಮನೆಯವರು ಒಂದು ಉಪಾಯ ಹೇಳಿದರು. ಕೆಳಗೆ ಮೀಟರ್ ಬೋರ್ಡ್‌ನಲ್ಲಿ ಪ್ರತಿ ಮೀಟರಿಗೂ ಒಂದು ಸಣ್ಣ ಕೆಂಪು ದೀಪ ಇರುತ್ತೆ, ಅದು ಮಿಣುಕ್ತಾ ಇರುತ್ತೆ. ಪಕ್ಕದಲ್ಲಿ 3200 ಅಂತ ಬರೆದಿದೆ. ಅಂದರೆ 3200 ಸಲ ಮಿಣುಕಿದರೆ ಒಂದು ಯೂನಿಟ್, ಸಾವಿರ ವ್ಯಾಟ್ ಒಂದು ಗಂಟೆ ಉರಿದಷ್ಟು. ಮೀಟರಿನಿಂದ ಮೀಟರಿಗೆ ಈ ನಂಬರ್ ಬೇರೆ ಇರಬಹುದು, ನಮ್ಮದರಲ್ಲಿ 3200. ಮನೇಲಿ ಎಲ್ಲಾ ಆರಿಸಿ, ಫ್ರಿಜ್‌ನ ಪ್ಲಗ್ ತೆಗೆದು, ಒಂದೇ ಒಂದು ಫ್ಯಾನ್ ಹಾಕಿ, ಕೆಳಗೆ ಒಬ್ಬರು ನಿಂತು ಎಣಿಸೋದು. ಅವರು ಕೆಳಗೆ, ನಾನು ಮೇಲೆ, ಇಬ್ಬರ ಕಿವಿಗೂ ಫೋನು.

"ಹಾಕಿದ್ಯಾ?"

"ಹಾಕೇನ್ರಿ. ಐದು ನಿಮಿಷ ಹಿಡೀರಿ."

"ಏನೂ ಮಿಣಕವಲ್ದಲ್ಲ... ತಡಿ ತಡಿ, ಒಂದು!"

ಆ ಐದು ನಿಮಿಷದಲ್ಲಿ ಕೆಳಗೆ ಮೂರು ಜನ ಬಂದು ಏನಾಯ್ತು ಅಂತ ಕೇಳಿ ಹೋದರಂತೆ, ಇವರಿಗೆ ಎರಡು ಸಲ ಎಣಿಕೆ ತಪ್ಪಿತು. ಮೂರನೇ ಸಲಕ್ಕೆ ಸರಿಯಾಗಿ ಸಿಕ್ಕಿತು, ಐದು ನಿಮಿಷಕ್ಕೆ 20. ಗಂಟೆಗೆ 240. ಅದನ್ನ 3200ರಿಂದ ಭಾಗಿಸಿದರೆ 0.075 ಯೂನಿಟ್, ಅಂದರೆ ಫ್ಯಾನ್ 75 ವ್ಯಾಟ್ ತಿನ್ನುತ್ತೆ. ಟ್ಯೂಬ್‌ಲೈಟ್ ಎಲ್‌ಇಡಿ, ಅದು 20. ಲ್ಯಾಪ್‌ಟಾಪ್ ಸುಮಾರು 60, ವೈಫೈ ಡಬ್ಬಿ 10.

ಇನ್ನು ನಮಗೆ ನಿಜವಾಗಿ ಬೇಕಾಗಿದ್ದು ಏನು? ಗುರುವಾರ ಹಗಲು ಎರಡು ಫ್ಯಾನು, ಮೂರು ಲೈಟು, ಲ್ಯಾಪ್‌ಟಾಪು, ವೈಫೈ. ಕೂಡಿಸಿದರೆ 280 ವ್ಯಾಟ್. ಫ್ರಿಜ್ ಬೇಡ ಅಂತ ಮೊದಲೇ ತೀರ್ಮಾನ ಮಾಡಿದೆವು. ಅದು ಓಡೋವಾಗ ಕಡಿಮೆ ತಿಂದರೂ ಶುರುವಾಗೋ ಕ್ಷಣದಲ್ಲಿ ಅದರ ಎಷ್ಟೋ ಪಟ್ಟು ಎಳೆಯುತ್ತೆ, ಸಣ್ಣ ಇನ್ವರ್ಟರ್ ಅಲ್ಲೇ ಸುಸ್ತು. ಬಾಗಿಲು ತೆಗೀದೆ ಬಿಟ್ಟರೆ ಫ್ರಿಜ್ ನಾಲ್ಕು ಗಂಟೆ ತಣ್ಣಗೇ ಇರುತ್ತೆ. ಮಿಕ್ಸಿ, ಇಸ್ತ್ರಿ, ಗೀಸರ್ ಮಾತೇ ಇಲ್ಲ. ಟಿವಿಯೂ ಬೇಡ ಅಂದಾಗ ಮಾತ್ರ ನಮ್ಮ ಮನೆಯವರ ಮುಖ ಸಣ್ಣಗಾಯ್ತು.

280 ವ್ಯಾಟಿಗೆ 900 ವಿಎ ಇನ್ವರ್ಟರ್ ಧಾರಾಳ. ವಿಎ ಅಂದರೆ ವ್ಯಾಟ್ ಅಲ್ಲ, ವ್ಯಾಟ್ ಅದಕ್ಕಿಂತ ಕಡಿಮೆ ಇರುತ್ತೆ, ಡಬ್ಬದ ಮೇಲೆ ಸಣ್ಣ ಅಕ್ಷರದಲ್ಲಿ ಹುಡುಕಬೇಕು. ಆದರೂ ಎರಡರಷ್ಟು ಜಾಗ ಉಳಿಯಿತು. ತೊಡಕು ಇದ್ದಿದ್ದು ಬ್ಯಾಟರಿಯಲ್ಲಿ. 12 ವೋಲ್ಟಿನ 150 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ ಅಂದರೆ ಗುಣಿಸಿದಾಗ 1800 ವ್ಯಾಟ್-ಗಂಟೆ. ಕಾಗದದ ಮೇಲೆ. ಆ 150 ಅನ್ನೋದು ಇಪ್ಪತ್ತು ಗಂಟೆ ನಿಧಾನಕ್ಕೆ, ಏಳೂವರೆ ಆಂಪಿಯರ್‌ನಂತೆ ಎಳೆದಾಗ ಸಿಗೋ ಲೆಕ್ಕ. ಅದರ ಪಕ್ಕದಲ್ಲಿ ಸಿ20 ಅಂತ ಬರೆದಿರೋದು ಅದಕ್ಕೇ. ನಾವು ಜೋರಾಗಿ ಎಳೀತೀವಿ, ಅಷ್ಟು ಕೊಡಲ್ಲ. ಇನ್ವರ್ಟರ್ ತಾನೂ ಒಂದಿಷ್ಟು ತಿನ್ನುತ್ತೆ. ಪೂರ್ತಿ ಖಾಲಿ ಮಾಡಿದರೆ ಬ್ಯಾಟರಿ ಆಯಸ್ಸು ಕಡಿಮೆ. ನಾನು ಎರಡು ಸಲ ಇಪ್ಪತ್ತು ಇಪ್ಪತ್ತು ಪರ್ಸೆಂಟ್ ಕಳೆದು ಸುಮಾರು 1150 ಅಂತ ಇಟ್ಟುಕೊಂಡೆ. 280ರಿಂದ ಭಾಗಿಸಿದರೆ ನಾಲ್ಕು ಗಂಟೆ ಚಿಲ್ಲರೆ. ನಮ್ಮಲ್ಲಿ ಗುರುವಾರ ಕರೆಂಟ್ ಹೋಗೋದು ಆರೂವರೆ ಗಂಟೆ. ಅಂಗಡಿಯವನು ಎರಡು ಬ್ಯಾಟರಿ ಅಂದಿದ್ದು ತೀರಾ ಸುಳ್ಳೂ ಅಲ್ಲ ಅಂತ ಅನ್ನಿಸಿ ಒಂದು ದಿನ ಮಂಕಾದೆ. ಎರಡು ಬ್ಯಾಟರಿ ಅಂದರೆ ಸಾಮಾನ್ಯವಾಗಿ ಇನ್ವರ್ಟರೂ 24 ವೋಲ್ಟಿನದು ಬೇಕು, ಅದೂ ದೊಡ್ಡದು, ಖರ್ಚು ಎರಡೂ ಕಡೆ.

ಮರುದಿನ ಅದೇ ಹಾಳೆ ಮುಂದಿಟ್ಟುಕೊಂಡು ಚಹಾ ಕುಡೀತಾ ಕೂತಿದ್ದಾಗ ಕಣ್ಣಿಗೆ ಬಿತ್ತು. 280ರಲ್ಲಿ 150 ಬರೀ ಎರಡು ಫ್ಯಾನಿಂದು! ಅರ್ಧಕ್ಕಿಂತ ಜಾಸ್ತಿ. ಈಗ ಬರೋ ಬಿಎಲ್‌ಡಿಸಿ, ಅಂದರೆ ಕಡಿಮೆ ಕರೆಂಟ್ ತಿನ್ನೋ ಮೋಟಾರಿನ ಫ್ಯಾನುಗಳು 30 ವ್ಯಾಟ್ ಆಸುಪಾಸಿನಲ್ಲಿ ತಿರುಗುತ್ತವೆ. ಎರಡು ಫ್ಯಾನ್ ಬದಲಾಯಿಸಿದರೆ 280 ಇಳಿದು 190 ಆಗುತ್ತೆ, ಅದೇ ಒಂದೇ ಬ್ಯಾಟರಿ ಆರು ಗಂಟೆ ಬರುತ್ತೆ. ಎರಡು ಫ್ಯಾನಿಗೆ 5,700 ರೂಪಾಯಿ. ಎರಡನೇ ಬ್ಯಾಟರಿಗೆ 14 ಸಾವಿರ. ಅದೂ ಫ್ಯಾನ್ ವರ್ಷಪೂರ್ತಿ ಕರೆಂಟ್ ಬಿಲ್ಲಿನಲ್ಲೂ ಉಳಿಸುತ್ತೆ, ಬ್ಯಾಟರಿ ಉಳಿಸಲ್ಲ. ನಾಲ್ಕು ಸಲ ಕೂಡಿಸಿ ಕಳೆದು ನೋಡಿದೆ, ತಪ್ಪೇನಿಲ್ಲ. ಇನ್ವರ್ಟರ್ ಅಂಗಡಿಯಲ್ಲಿ ಯಾರೂ ಇದನ್ನ ಹೇಳಲಿಲ್ಲ, ಹೇಳೋದೂ ಇಲ್ಲ ಬಿಡಿ, ಅವರು ಫ್ಯಾನ್ ಮಾರಲ್ಲ. ಫ್ಯಾನ್ ಹಾಕಿದ ಮೇಲೆ ಮತ್ತೆ ಮೀಟರ್ ಹತ್ತಿರ ನಿಂತು ಎಣಿಸಿದೆವು. ಐದು ನಿಮಿಷಕ್ಕೆ ಎಂಟೇ ಎಂಟು.

ಇನ್ವರ್ಟರ್ ಆರಿಸೋದು ಆಮೇಲೆ ಸಲೀಸಾಯ್ತು. ಲ್ಯೂಮಿನಸ್, ಮೈಕ್ರೋಟೆಕ್, ವಿ-ಗಾರ್ಡ್, ಎಕ್ಸೈಡ್, ಅಮರಾನ್, ಎಲ್ಲರ ಪಟ್ಟಿಯನ್ನೂ ನೋಡಿದೆವು. ಎಕ್ಸೈಡ್‌ನ ಒಂದು ಕಾರ್ಖಾನೆ ಇಲ್ಲೇ ಚಿಂಚವಡದಲ್ಲಿದೆ ಅಂತ ನಮ್ಮ ಮನೆಯವರಿಗೆ ಅದರ ಮೇಲೆ ಸುಮ್ನೆ ಒಂದು ಅಭಿಮಾನ. ಯಾವುದು ಕೊಂಡೆವು ಅಂತ ಬರೆಯಲ್ಲ, ನನಗೆ ಅದು ದೊಡ್ಡ ವಿಷಯ ಅಂತ ಅನ್ನಿಸಲಿಲ್ಲ. ನೋಡಿದ್ದು ಪ್ಯೂರ್ ಸೈನ್ ವೇವ್, ಅಂದರೆ ಲೈನಿನ ಕರೆಂಟಿನ ಥರವೇ ನಯವಾದ ಅಲೆ ಕೊಡೋದು, ಹೌದೋ ಅಲ್ಲವೋ ಅಂತ. ಎರಡು ಸಾವಿರ ಕಡಿಮೆಗೆ ಸ್ಕ್ವೇರ್ ವೇವ್ ಸಿಗುತ್ತಿತ್ತು. ಮೇಲಿನ ಮನೆ ಕಾಕೂ ಹತ್ತಿರ ಅದೇ ಇದೆ. ಕರೆಂಟ್ ಹೋದಾಗ ಅವರ ಫ್ಯಾನ್ ಗುಂಯ್ ಅಂತ ದುಂಬಿ ಥರ ಸದ್ದು ಮಾಡುತ್ತೆ, ನಮ್ಮ ಮನೆಗೂ ಕೇಳುತ್ತೆ. ಮೋಟಾರ್ ಇರೋ ಸಾಮಾನು ಅದರಲ್ಲಿ ಬಿಸಿಯಾಗುತ್ತೆ. ಅಲ್ಲಿ ಉಳಿಸಬಾರದು ಅಂತ ಇಬ್ಬರಿಗೂ ಒಪ್ಪಿಗೆ ಆಯ್ತು.

ಬ್ಯಾಟರಿ ಟಾಲ್ ಟ್ಯೂಬುಲರ್, ಅಂದರೆ ಒಳಗಿನ ಪ್ಲೇಟು ಕೊಳವೆ ಥರ ಇರೋ ಎತ್ತರದ್ದು. ಫ್ಲಾಟ್ ಪ್ಲೇಟಿನದು ಅಗ್ಗ, ಆದರೆ ಪದೇ ಪದೇ ಆಳಕ್ಕೆ ಖಾಲಿ ಮಾಡಿದರೆ ಬೇಗ ಸಾಯುತ್ತೆ. ನಮ್ಮದು ವಾರಕ್ಕೊಮ್ಮೆ ಆರು ಗಂಟೆ, ಅದಕ್ಕೆ ಟ್ಯೂಬುಲರೇ ಸರಿ. ಲಿಥಿಯಂ ಕೂಡ ಕೇಳಿದೆ. ನೀರು ಹಾಕೋ ಗೋಜಿಲ್ಲ, ಹಗುರ, ಜಾಸ್ತಿ ವರ್ಷ ಬರುತ್ತೆ, ಆದರೆ ಬೆಲೆ ಕೇಳಿ ಕೈಮುಗಿದೆ.

ಈ ಸಲ ತಾಪ್ಕೀರ್ ಗಲ್ಲಿಗೆ ಹೋಗದೆ ಮನೆ ಹತ್ತಿರದ ಡೀಲರ್ ಹತ್ತಿರ ಹೋದೆವು, ಏನಾದರೂ ಆದರೆ ಹೋಗಿ ನಿಂತು ಜಗಳ ಆಡೋಕೆ ಹತ್ತಿರ ಇರಬೇಕಲ್ವಾ. ಬ್ಯಾಟರಿಗೆ 60 ತಿಂಗಳ ವಾರಂಟಿ ಅಂದ. ಕಾರ್ಡ್ ಕೊಡು ಅಂತ ಕೇಳಿ ಓದಿದೆ. 36+24 ಅಂತಿತ್ತು. ಮೊದಲ 36 ತಿಂಗಳು ಕೆಟ್ಟರೆ ಹೊಸದು. ಆಮೇಲಿನ 24 ತಿಂಗಳು ಬರೀ ರಿಯಾಯಿತಿ, ಅದೂ ಎಂಆರ್‌ಪಿ ಮೇಲೆ. ನಾವು ಕೊಂಡ ಬ್ಯಾಟರಿಯ ಎಂಆರ್‌ಪಿ 19,900, ಅಂಗಡಿ ಬೆಲೆ 14,300. ಎಂಆರ್‌ಪಿಯಲ್ಲಿ 25 ಪರ್ಸೆಂಟ್ ಬಿಟ್ಟರೂ 14,925 ಆಗುತ್ತೆ! ರಿಯಾಯಿತಿ ತಗೊಳ್ಳದೆ ಸುಮ್ನೆ ಕೌಂಟರಿನಲ್ಲಿ ಹೊಸದು ಕೊಂಡರೇ ಅಗ್ಗ. ಇದನ್ನ ಅವನ ಮುಂದೆಯೇ ಕಾಗದದ ಮೇಲೆ ಬರೆದು ತೋರಿಸಿದೆ. "ತಾಈ, ತುಮ್ಹಿ ಸಿಎ ಆಹಾತ್ ಕಾ?" ಅಂದ, ಅಕ್ಕಾ ನೀವು ಸಿಎ ಏನು ಅಂತ.

ಆಮೇಲೆ ಅವನು ಎಳೆದು ತಂದ ಬ್ಯಾಟರಿಯ ಮೇಲೆ ತಯಾರಾದ ತಿಂಗಳು ನೋಡಿದರೆ ಏಳು ತಿಂಗಳ ಹಳೇದು. ಲೆಡ್-ಆಸಿಡ್ ಬ್ಯಾಟರಿ ಸುಮ್ನೆ ಇಟ್ಟರೂ ತನ್ನಷ್ಟಕ್ಕೆ ಇಳೀತಾ ಹೋಗುತ್ತೆ, ಹಾಗೇ ಬಹಳ ದಿನ ಬಿದ್ದಿದ್ದರೆ ಒಳಗಿನ ಪ್ಲೇಟು ಹಾಳು. ಹೊಸ ಮಾಲು ಬಂದಾಗ ಕೊಡು ಅಂತ ನಾಲ್ಕು ದಿನ ಕಾದೆವು. ಬಿಲ್ಲಿನ ಮೇಲೆ ಸೀರಿಯಲ್ ನಂಬರ್, ಕಾರ್ಡಿನ ಮೇಲೆ ಸೀಲು, ಎರಡನ್ನೂ ಫೋಟೋ ಹೊಡೆದುಕೊಂಡೆ.

ಏಪ್ರಿಲ್‌ನಲ್ಲಿ ಕೊಂಡಿದ್ದು. ಆಗ ಈ ಥರದ ಬ್ಯಾಟರಿಗೆ ಜಿಎಸ್‌ಟಿ 28 ಪರ್ಸೆಂಟ್. ಸೆಪ್ಟೆಂಬರ್ 22ರಿಂದ ಅದು 18ಕ್ಕೆ ಇಳೀತು. ನನ್ನ ಬಿಲ್ಲಿನ ಮೇಲೆ ಸುಮಾರು ಸಾವಿರದ ನೂರು ರೂಪಾಯಿ ವ್ಯತ್ಯಾಸ. ದಿನಾ ಜಿಎಸ್‌ಟಿಯಲ್ಲೇ ಮುಳುಗಿರೋಳಿಗೇ ಹೀಗಾಯ್ತಲ್ಲ ಅಂತ ಹೊಟ್ಟೆ ಉರೀತು.

ಆಸಿಡ್ ತುಂಬಿದ ಬ್ಯಾಟರಿ ಐವತ್ತು ಕೆಜಿ ಮೇಲೆಯೇ ಇರುತ್ತೆ, ಓರೆ ಮಾಡೋ ಹಾಗಿಲ್ಲ. ಇಬ್ಬರು ಹುಡುಗರು ಮೂರು ಮಹಡಿ ಹತ್ತಿಸಿದರು, ಪ್ರತಿ ತಿರುವಿನಲ್ಲೂ ಇಳಿಸಿ, ಉಸಿರು ಬಿಟ್ಟು, ಮತ್ತೆ ಎತ್ತಿ. 300 ರೂಪಾಯಿ ಜಾಸ್ತಿ ಕೇಳಿದರು, ನೀರು ಕೊಟ್ಟು ಖುಷಿಯಿಂದಲೇ ಕೊಟ್ಟೆ. ಬಾಲ್ಕನಿಯಲ್ಲಿ ಇಡೋಣ ಅಂತ ಇತ್ತು, ಮಳೆ ಎರಚುತ್ತೆ ಅಂತ ಬಿಟ್ಟೆವು. ಚಾರ್ಜ್ ಆಗೋವಾಗ ಗ್ಯಾಸ್ ಬಿಡುತ್ತೆ, ಮುಚ್ಚಿದ ಕಪಾಟಿನಲ್ಲೂ ಇಡಬಾರದು. ಕೊನೆಗೆ ಬಾಗಿಲ ಪಕ್ಕ ಚಪ್ಪಲಿ ಸ್ಟ್ಯಾಂಡ್ ಎತ್ತಿಸಿ, ಕಿಟಕಿ ಕೆಳಗೆ ಟ್ರಾಲಿಯಲ್ಲಿ ಕೂರಿಸಿದೆವು.

ಇಷ್ಟೆಲ್ಲಾ ಆದ ಮೇಲೆ ಕೈಕೊಟ್ಟಿದ್ದು ವೈರಿಂಗು. ಡೀಲರ್ ಕಳಿಸಿದ ಹುಡುಗ ಮುಕ್ಕಾಲು ಗಂಟೆಯಲ್ಲಿ ಮುಗಿಸಿ, ಮೇನ್ ಆರಿಸಿ ತೋರಿಸಿ, ದುಡ್ಡು ತಗೊಂಡು ಹೋದ. ಸಂಜೆ ಕೋಣೆಯ ಫ್ಯಾನ್ ಹಾಕಿದ ತಕ್ಷಣ ಟಕ್ ಅಂತ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಆರೋ ಸ್ವಿಚ್ಚು, ಬಿತ್ತು. ಎತ್ತಿದೆ. ಫ್ಯಾನ್ ಹಾಕಿದೆ. ಟಕ್. ಫೋನ್ ಮಾಡಿದರೆ "ನಿಮ್ಮ ಆರ್‌ಸಿಸಿಬಿ ಹಳೇದು, ತೆಗೆಸಿಬಿಡಿ" ಅಂದ. ಶಾಕ್ ಹೊಡೆದರೆ ಜೀವ ಉಳಿಸೋ ಸಾಮಾನದು, ಅದನ್ನೇ ತೆಗೆಸು ಅಂತಾನೆ!

ಎದುರು ಮನೆಯವರು ಒಬ್ಬ ವೈರ್‌ಮನ್‌ನನ್ನು ಕಳಿಸಿದರು. ಮರಾಠಿಯಲ್ಲೇ ಮಾತಾಡ್ತಿದ್ದ. ನಾನು ಫೋನಿನಲ್ಲಿ ಅವ್ವನ ಹತ್ತಿರ ಮಾತಾಡೋದು ಕೇಳಿ ಸ್ಕ್ರೂ ಡ್ರೈವರ್ ನಿಲ್ಲಿಸಿದ. "ಅಕ್ಕಾರ, ನಿಮ್ಮ ಊರ ಯಾವುದ್ರಿ?" ಅವನದು ಇಂಡಿ ತಾಲೂಕು. ಆಮೇಲೆ ಡಬ್ಬಿ ಬಿಚ್ಚಿ ನನಗೂ ತೋರಿಸ್ತಾ ಹೇಳಿದ. "ನೋಡ್ರಿ, ಆ ಹುಡುಗ ಇನ್ವರ್ಟರಿಗೆ ಫೇಜ್ ಆರ್‌ಸಿಸಿಬಿ ಹಿಂದಿಂದ ತಗೊಂಡಾನ. ಫ್ಯಾನಿನ ನ್ಯೂಟ್ರಲ್ ಮಾತ್ರ ಆರ್‌ಸಿಸಿಬಿ ಒಳಗಿಂದನ ವಾಪಸ್ ಹೊಂಟೈತಿ. ಹೋದದ್ದು ಒಂದು ದಾರಿ, ಬಂದದ್ದು ಒಂದು ದಾರಿ. ಅದಕ್ಕ ಲೆಕ್ಕ ಕೂಡವಲ್ದು, ಬೀಳಾಕತ್ತೈತಿ." ನನಗೆ ಕೂಡಲೇ ಅರ್ಥ ಆಯ್ತು. ಹೋಗೋದು ಬರೋದು ತಾಳೆ ಆಗದಿದ್ದರೆ ನಮ್ಮಲ್ಲೂ ಹಾಗೇ, ಬ್ಯಾಲೆನ್ಸ್ ಶೀಟ್ ಮುಂದೆ ಹೋಗಲ್ಲ. ಫೇಜನ್ನು ಆರ್‌ಸಿಸಿಬಿ ಆದ ಮೇಲಿನ ಕಡೆಯಿಂದ ಕೊಟ್ಟ, ಎರಡು ಕೋಣೆಯ ಲೈನ್ ಬೇರೆ ಮಾಡಿದ, 1,500 ತಗೊಂಡ. ಬ್ಯಾಟರಿ ಟರ್ಮಿನಲ್‌ಗೆ ವ್ಯಾಸಲಿನ್ ಹಚ್ಚಿ ಹೋದ, ಕಿಲುಬು ಹಿಡಿಯಲ್ಲ ಅಂತ.

ಎಲ್ಲಾ ಸೇರಿ: ಇನ್ವರ್ಟರ್ 6,400, ಬ್ಯಾಟರಿ 14,300, ಟ್ರಾಲಿ 900, ಹತ್ತಿಸಿದ್ದಕ್ಕೆ 300, ವೈರ್‌ಮನ್ 1,500, ಫ್ಯಾನ್ 5,700. ಒಟ್ಟು 29,100. ಮೊದಲು ಬಂದು ಕೆಡಿಸಿ ಹೋದ ಹುಡುಗನಿಗೆ ಕೊಟ್ಟ 400ನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ, ಸಿಟ್ಟಿಗೆ.

ಮೊದಲ ಗುರುವಾರ ಕರೆಂಟ್ ಹೋದಾಗ ಫ್ಯಾನ್ ತಿರುಗ್ತಾನೇ ಇತ್ತು, ವೈಫೈ ಮಾತ್ರ ಆರಿ ಹತ್ತಿತು. ಇನ್ವರ್ಟರ್ ಹಿಂದೆ ಒಂದು ಸಣ್ಣ ಸ್ವಿಚ್ ಇದೆ, ಯುಪಿಎಸ್ ಮೋಡ್‌ಗೆ ಹಾಕಿದರೆ ಬೇಗ ಬದಲಾಗುತ್ತೆ, ಆ ತೊಂದರೆ ಹೋಯ್ತು. ಆದರೂ ಇಂಟರ್ನೆಟ್ ಇಲ್ಲ! ನೋಡಿದರೆ ಮೆಟ್ಟಿಲ ಹತ್ತಿರ ಕೇಬಲ್‌ನವನ ಡಬ್ಬಿ, ಅದು ಬಿಲ್ಡಿಂಗ್ ಕರೆಂಟಿನ ಮೇಲೆ ಓಡೋದು. ನಮ್ಮ ಮನೇಲಿ ಬೆಳಕಿದ್ದು ಏನು ಬಂತು, ಅದೇ ಸತ್ತಿದ್ದರೆ. ನೇರ ಮನೆಯವರೆಗೆ ಫೈಬರ್ ಬರೋ ಕನೆಕ್ಷನ್‌ಗೆ ಬದಲಾಯಿಸಿದೆ. ಇದನ್ನ ಮೊದಲೇ ನೋಡಬೇಕಿತ್ತು.

ಎಲ್ಲಾ ಆರಿಸಿ ಬರೀ ಇನ್ವರ್ಟರ್ ಎಷ್ಟು ತಿನ್ನುತ್ತೆ ಅಂತಲೂ ಎಣಿಸಿದೆವು, ಬ್ಯಾಟರಿ ತುಂಬಿದ ಮೇಲೆ. ಐದು ನಿಮಿಷಕ್ಕೆ ನಾಲ್ಕು. ತಿಂಗಳಿಗೆ ಹತ್ತು ಹನ್ನೊಂದು ಯೂನಿಟ್ ಸುಮ್ನೆ ಕೂತು ತಿನ್ನುತ್ತೆ. ಖಾಲಿಯಾದ ಬ್ಯಾಟರಿ ತುಂಬೋದಕ್ಕೆ ಬೇರೆ, ರಾತ್ರಿಯೆಲ್ಲಾ ಬೇಕು.

ನೀರಿನ ಕಥೆ ಒಂದು ಹೇಳಬೇಕು. ಐದು ತಿಂಗಳಿಗೆ ಬ್ಯಾಟರಿ ಮೇಲಿನ, ನೀರಿನ ಮಟ್ಟ ತೋರಿಸೋ ತೇಲುಗಡ್ಡಿಗಳು ಕೆಂಪಿಗೆ ಇಳಿದವು. ಡಿಸ್ಟಿಲ್ಡ್ ವಾಟರ್ ಐದು ಲೀಟರ್ ಕ್ಯಾನ್ ತಂದೆ. ಅಡುಗೆಮನೆ ಫಿಲ್ಟರ್ ನೀರು ಸಾಕು ಅಂತ ಕಾಕೂ ಅಂದರು, ಅವರ ಬ್ಯಾಟರಿ ಎರಡೇ ವರ್ಷಕ್ಕೆ ಯಾಕೆ ಹೋಯ್ತು ಅಂತ ಆಗ ಗೊತ್ತಾಯ್ತು. ನಮ್ಮ ಮನೆಯವರು ಒಂದು ಸೆಲ್‌ಗೆ ಕಂಠಮಟ್ಟ ತುಂಬಿಸಿದರು. ರಾತ್ರಿ ಚಾರ್ಜ್ ಆಗೋವಾಗ ಉಕ್ಕಿ ಮೇಲೆ ಹನಿ ಹನಿ ನಿಂತಿತ್ತು. ನೀರೇ ಅಲ್ವಾ ಅಂತ ಕೈಗೆ ಸಿಕ್ಕ ಹತ್ತಿ ವೇಲ್‌ನಿಂದ ಒರೆಸಿ ಬಕೆಟ್‌ಗೆ ಹಾಕಿದೆ. ಒಗೆದು ಒಣಗಿಸಿ ಬಿಚ್ಚಿದರೆ ಇಲಿ ಕಡಿದ ಹಾಗೆ ಹದಿನಾರು ತೂತು. ಇಳಕಲ್ ಸೀರೆಯ ಸೆರಗಿಂದ ಒರೆಸಲಿಲ್ಲ ಅನ್ನೋದೇ ಪುಣ್ಯ.

ಹೋದ ಗುರುವಾರ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಕರೆಂಟ್ ಹೋಯ್ತು. ನಮ್ಮ ಮನೆಯವರು ಮಂಡಈಗೆ ತರಕಾರಿ ತರೋಕೆ ಹೋಗಿದ್ದವರು ಬಂದು, ಊಟ ಮಾಡಿ, ಕೋಣೆಯಲ್ಲಿ ಮಲಗಿದರು. ನಾಲ್ಕಕ್ಕೆ ಸ್ವಲ್ಪ ಮುಂಚೆ ಇನ್ವರ್ಟರ್ ಕುಂಯ್ ಕುಂಯ್ ಅನ್ನೋಕೆ ಶುರು ಮಾಡಿತು. ನನ್ನದು ಇನ್ನೂ ಒಂದು ರಿಟರ್ನ್ ಬಾಕಿ. ಎದ್ದು ಹೋಗಿ ಅವರ ಕೋಣೆಯ ಫ್ಯಾನ್ ಆರಿಸಿದೆ. ಎರಡು ನಿಮಿಷಕ್ಕೆ ಬೆವರು ಒರೆಸಿಕೊಳ್ತಾ ಹೊರಗೆ ಬಂದರು.

"ಈಗ ಹೋತೇನ ಲೈಟು?"

"ಮುಂಜಾನೆನ ಹೋಗೇದ್ರಿ," ಅಂದೆ.